ಬೆಳಗಾವಿಯಲ್ಲಿ ‘ಲೈಟು, ನೀರು ಎಲ್ಲ ಸೇರಿ’ 8,500: ಈ ಬಾಡಿಗೆ ಸರಿಯೇ?

ಮುಧೋಳದವ

ಎಲ್ಲರಿಗೂ ನಮಸ್ಕಾರ. ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ಕೆಲಸ ಸಿಕ್ಕಿದೆ. ಕೈಗೆ ಬರುವುದು 24,000. ಸದ್ಯ ಮಚ್ಛೆಯಲ್ಲಿ ಗೆಳೆಯರ ಕೋಣೆಯಲ್ಲಿದ್ದೇನೆ. ಮುಂದಿನ ತಿಂಗಳು ಹೆಂಡತಿಯನ್ನೂ ಮೂರು ವರ್ಷದ ಮಗಳನ್ನೂ ಕರೆತರಬೇಕು. ಎರಡು ಮನೆ ನೋಡಿದ್ದೇನೆ, ಎರಡೂ ಒಂದು ಮಲಗುವ ಕೋಣೆಯವು.

ಮೊದಲನೆಯದು ಅಂಗೋಲದಲ್ಲಿ, ಮೊದಲ ಮಹಡಿ. 8,500 ಬಾಡಿಗೆ, 50,000 ಡಿಪಾಜಿಟ್. ‘ಲೈಟು, ನೀರು, ಕಸ ಎಲ್ಲ ಅದರಲ್ಲೇ ಬಂತು, ಮತ್ತೆ ಒಂದು ಪೈಸೆ ಕೇಳುವುದಿಲ್ಲ’ ಎಂದರು ಮಾಲೀಕರು. ಎರಡನೆಯದು ವಡಗಾವಿಯಲ್ಲಿ, ನೆಲಮಹಡಿ. 6,500 ಬಾಡಿಗೆ, 30,000 ಡಿಪಾಜಿಟ್, ಲೈಟು ನೀರು ಬೇರೆ.

ಹೆಂಡತಿಗೆ ಅಂಗೋಲದ ಮನೆ ಒಪ್ಪಿಗೆಯಾಗಿದೆ. ತಿಂಗಳಿಗೊಮ್ಮೆ ಒಂದೇ ಮೊತ್ತ ಕೊಟ್ಟರೆ ತಲೆನೋವಿಲ್ಲ ಎನ್ನುತ್ತಾಳೆ. ಅಪ್ಪ ಮಾತ್ರ ‘ಎಲ್ಲ ಸೇರಿ ಎನ್ನುವವನ ಲೆಕ್ಕ ಕೇಳು’ ಎನ್ನುತ್ತಿದ್ದಾರೆ. ಬೆಳಗಾವಿಯಲ್ಲಿ ಹೀಗೆ ಒಟ್ಟು ಬಾಡಿಗೆಗೆ ಇದ್ದವರು ಯಾರಾದರೂ ತಿಳಿಸಿ.

ಮೂರನೆಯ ಗೇಟ್

ಅಂಗೋಲದಿಂದ ಉದ್ಯಮಬಾಗಕ್ಕೆ ಸೈಕಲ್ ಸಾಕು. ವಡಗಾವಿಯಿಂದಾದರೆ ದೂರ ಹೆಚ್ಚು, ಬೈಕು ಬೇಕೇ ಬೇಕು. ಪೆಟ್ರೋಲ್ ಲೆಕ್ಕ ಹಾಕಿ. ಪಾಳಿಯ ಕೆಲಸವಾದರೆ ರಾತ್ರಿ ಹತ್ತರ ಮೇಲೆ ಬಸ್ಸಿನ ಆಸೆ ಬಿಡಿ. 2,000 ವ್ಯತ್ಯಾಸದಲ್ಲಿ ಅರ್ಧ ಅಲ್ಲೇ ಹೋಯಿತು ಎಂದುಕೊಳ್ಳಿ.

ವಡಗಾವಿಯ ಮನೆಯನ್ನು ಯಾವ ಹೊತ್ತಿನಲ್ಲಿ ನೋಡಿದಿರಿ? ಅದು ನೇಕಾರರ ಭಾಗ. ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ವಿದ್ಯುತ್ ಮಗ್ಗ ಇದ್ದರೆ ಬೆಳಗ್ಗೆಯಿಂದ ರಾತ್ರಿಯವರೆಗೆ ಖಟಖಟ. ಹುಟ್ಟಿ ಬೆಳೆದವರಿಗೆ ಅದು ಕೇಳಿಸುವುದೇ ಇಲ್ಲ. ಹೊರಗಿನಿಂದ ಬಂದವರಿಗೆ, ಅದರಲ್ಲೂ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರಿಗೆ ಕಷ್ಟ. ಭಾನುವಾರ ನೋಡಿ ಬಂದಿದ್ದರೆ ಕೆಲಸದ ದಿನ ಇನ್ನೊಮ್ಮೆ ಹೋಗಿ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಕುಳಿತು ಬನ್ನಿ.

ರೀಡಿಂಗ್ ಕಾಕಾ

ತಮ್ಮಾ, ಮೊದಲು ಒಂದು ಪ್ರಶ್ನೆ. ಅಂಗೋಲದ ಆ ಮನೆಗೆ ಬೇರೆ ಮೀಟರ್ ಇದೆಯೋ, ಇಡೀ ಕಟ್ಟಡಕ್ಕೆ ಒಂದೇ ಮೀಟರೋ? ಇದನ್ನು ಕೇಳದೆ 8,500 ಹೆಚ್ಚೋ ಕಡಿಮೆಯೋ ಹೇಳಲು ಬರುವುದಿಲ್ಲ. ನಾನು ಮನೆ ಮನೆಗೆ ಮೀಟರ್ ಓದುತ್ತ ವಯಸ್ಸು ಕಳೆದವನು, ಅದಕ್ಕೇ ಈ ಹೆಸರು.

ನಿಮ್ಮ ಮೂವರ ಸಂಸಾರಕ್ಕೆ ತಿಂಗಳಿಗೆ ಎಷ್ಟು ಯೂನಿಟ್ ಬೇಕು ನೋಡಿ. ಫ್ರಿಜ್ ದಿನಕ್ಕೆ ಒಂದು ಯೂನಿಟ್, ತಿಂಗಳಿಗೆ 30. ಹಳೆಯ ನಮೂನೆಯ 75 ವ್ಯಾಟ್ ಫ್ಯಾನ್ ಎರಡು, ದಿನಕ್ಕೆ ಎಂಟು ತಾಸು ತಿರುಗಿದರೆ 36. ಎರಡು ಕಿಲೋವ್ಯಾಟ್ ಗೀಜರ್ ದಿನಕ್ಕೆ ಅರ್ಧ ತಾಸು, 30. ದೀಪ, ಟಿವಿ, ಮಿಕ್ಸರ್, ಮೊಬೈಲ್ ಎಲ್ಲ ಸೇರಿ 15. ಒಟ್ಟು 110ರ ಆಸುಪಾಸು. ಯೂನಿಟ್‌ಗೆ ಹೆಚ್ಚುಕಡಿಮೆ ಆರು ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ. ಪೂರ್ತಿ ದುಡ್ಡು ಕೊಟ್ಟು ಉರಿಸಿದರೂ ಸಾವಿರದ ಆಚೆ ಈಚೆ ನಿಲ್ಲುತ್ತದೆ. ನೀರಿಗೆ ಇನ್ನೊಂದಿಷ್ಟು.

ಇದು ಗೃಹಜ್ಯೋತಿ, ಎಂದರೆ ರಾಜ್ಯ ಸರ್ಕಾರದ ಉಚಿತ ಕರೆಂಟಿನ ಯೋಜನೆ, ಹಿಡಿಯದೆ ಹಾಕಿದ ಲೆಕ್ಕ. ಅದನ್ನು ಹಿಡಿದರೆ ಕಥೆಯೇ ಬೇರೆ.

ಮುಧೋಳದವ

ಕಾಕಾ, ಗೃಹಜ್ಯೋತಿ ಊರಲ್ಲಿ ಅಪ್ಪನ ಮನೆಗೆ ಇದೆ. ಬಾಡಿಗೆಯವರಿಗೂ ಸಿಗುತ್ತದೆಯೇ? ಅಂಗೋಲದ ಮಾಲೀಕರು ನನ್ನ ಆಧಾರ್ ಪ್ರತಿ ಕೇಳಿದ್ದಾರೆ. ಪೊಲೀಸ್ ಠಾಣೆಗೆ ಕೊಡಲು ಇರಬೇಕು ಎಂದುಕೊಂಡಿದ್ದೆ.

ರೀಡಿಂಗ್ ಕಾಕಾ

ಸಿಗುತ್ತದೆ. 2023ರ ಜುಲೈ ತಿಂಗಳ ಬಳಕೆಯಿಂದ ಯೋಜನೆ ಜಾರಿಯಲ್ಲಿದೆ, ಬಾಡಿಗೆದಾರರಿಗೂ ಅನ್ವಯ. ಆರ್.ಆರ್. ನಂಬರಿಗೆ (ಬಿಲ್ಲಿನ ಮೇಲಿರುವ ಆ ಸಂಪರ್ಕದ ಸಂಖ್ಯೆ) ನಿಮ್ಮ ಆಧಾರ್ ಜೋಡಿಸಬೇಕು, ಅಲ್ಲಿ ವಾಸವಿರುವುದಕ್ಕೆ ಕರಾರು ಪತ್ರ ತೋರಿಸಬೇಕು. ಒಬ್ಬರ ಹೆಸರಿಗೆ ಒಂದೇ ಮೀಟರ್. ಎಂದರೆ ಮಾಲೀಕರ ಹೆಸರಿನಲ್ಲಿ ನಾಲ್ಕು ಮೀಟರ್ ಇದ್ದರೆ ಅವರಿಗೆ ಒಂದಕ್ಕೆ ಮಾತ್ರ ಉಚಿತ. ಉಳಿದ ಮೂರಕ್ಕೆ ಬೇರೆ ಆಧಾರ್ ಬೇಕು. ಆ ಬೇರೆಯವರು ಯಾರು? ನಿಮ್ಮಂಥ ಬಾಡಿಗೆಯವರು.

ಈಗ ಹಿಂದಿನ ಲೆಕ್ಕಕ್ಕೆ ಬನ್ನಿ. ‘ಲೈಟ್ ಬಿಲ್ ನಮ್ಮದು’ ಎಂದು ಹೇಳಿ ಬಾಡಿಗೆಗೆ ಸಾವಿರ ಸೇರಿಸುತ್ತಾರೆ. ಆಮೇಲೆ ನಿಮ್ಮ ಆಧಾರ್ ತೆಗೆದುಕೊಂಡು ಅದೇ ಮೀಟರಿಗೆ ಜೋಡಿಸುತ್ತಾರೆ. ಬಿಲ್ಲು ಸೊನ್ನೆ. ನಿಮ್ಮ ಹೆಸರಿನಲ್ಲಿ ಸರ್ಕಾರ ಬಿಟ್ಟುಕೊಟ್ಟ ಕರೆಂಟನ್ನು ನಿಮಗೇ ಮಾರಿದ ಹಾಗಾಯಿತು.

ಎಷ್ಟು ಯೂನಿಟ್ ಉಚಿತ ಎನ್ನುವುದೂ ಮನೆಯಿಂದ ಮನೆಗೆ ಬೇರೆ. ಎಲ್ಲರಿಗೂ 200 ಎಂದು ಜನ ತಿಳಿದಿದ್ದಾರೆ, ಹಾಗಲ್ಲ. 2022–23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಶೇ. 10; ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ ಅದರ ಬದಲು 10 ಯೂನಿಟ್. ಹೊಸ ಸಂಪರ್ಕವಾದರೆ ರಾಜ್ಯದ ಸರಾಸರಿ 53 ಹಿಡಿದು 58 ಯೂನಿಟ್. ಆ ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು.

ಒಂದೇ ಮೀಟರಿನ ಕಟ್ಟಡದಲ್ಲಿ ಏನಾಗುತ್ತದೆ ಗೊತ್ತೇ? ಕೆಳಗಿನವರದು 80, ಮೇಲಿನವರದು 70, ಹಿಂದಿನ ಕೋಣೆಯವರದು 60. ಒಟ್ಟು 210. ಬೇರೆ ಬೇರೆ ಇದ್ದಿದ್ದರೆ ಮೂರೂ ಮನೆಗೆ ರಿಯಾಯಿತಿ ಸಿಗುತ್ತಿತ್ತು, ಸೇರಿದ್ದಕ್ಕೆ ಯಾರಿಗೂ ಇಲ್ಲ. ಮಾಲೀಕ ಎರಡು ತಿಂಗಳು ಸುಮ್ಮನಿರುತ್ತಾನೆ, ಮೂರನೆಯ ತಿಂಗಳು ‘ಬಿಲ್ಲು ಬಹಳ ಬಂತು’ ಎನ್ನುತ್ತಾನೆ. ‘ಎಲ್ಲ ಸೇರಿ’ ಎಂದ ಬಾಡಿಗೆ ನಡುವರ್ಷದಲ್ಲಿ ಏರುವುದು ಬಹುಪಾಲು ಹೀಗೆ.

ಹಿಂದವಾಡಿ ಮನೆಯೊಡತಿ

ಕಾಕಾ ಅವರೆ, ಮನೆ ಕಟ್ಟಿಸಿದವರೆಲ್ಲ ಕಳ್ಳರು ಎನ್ನುವ ಹಾಗೆ ಬರೆದಿದ್ದೀರಿ. ನನ್ನದೂ ಎರಡು ಬಾಡಿಗೆ ಮನೆಗಳಿವೆ, ಒಂದನ್ನು ಎಲ್ಲ ಸೇರಿಸಿಯೇ ಕೊಟ್ಟಿದ್ದೇನೆ. ಏಕೆ ಎಂದು ಕೇಳಿ.

ಬೇರೆ ಬೇರೆ ಹಂಚಿಕೊಂಡಾಗ ಪ್ರತಿ ತಿಂಗಳು ಪಂಚಾಯಿತಿ. ‘ನಾವು ಹದಿನೈದು ದಿನ ಊರಲ್ಲಿ ಇರಲಿಲ್ಲ’, ‘ಅವರ ಮನೆಗೆ ನೆಂಟರು ಬಂದಿದ್ದರು’, ‘ಮೆಟ್ಟಿಲ ಮೇಲಿನ ದೀಪ ಯಾರ ಲೆಕ್ಕ’. ಮೂವತ್ತು ರೂಪಾಯಿಗೆ ಎರಡು ಮನೆಯವರು ಮಾತು ಬಿಟ್ಟಿದ್ದನ್ನು ನೋಡಿದ್ದೇನೆ. ಅದಕ್ಕೆ ಒಂದು ಮೊತ್ತ ಗೊತ್ತು ಮಾಡಿದೆ, ಮನೆ ಶಾಂತವಾಯಿತು.

ಆದರೆ ಬಾಡಿಗೆಯವರ ಇನ್ನೊಂದು ಮುಖವೂ ಇದೆ. ದುಡ್ಡು ಬೇರೆ ಕೊಡಬೇಕಿಲ್ಲ ಎಂದು ಗೊತ್ತಾದ ಮೇಲೆ ಗ್ಯಾಸ್ ಸಿಲಿಂಡರ್ ಮೂಲೆಗೆ ಸೇರುತ್ತದೆ, ಇಂಡಕ್ಷನ್ ಒಲೆಯ ಮೇಲೆ ಮೂರು ಹೊತ್ತಿನ ಅಡುಗೆ. ಹಗಲೆಲ್ಲ ದೀಪ, ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್. ಹಾಗಾಗಿ ನಾನು ಮೊದಲೇ ಹೇಳುತ್ತೇನೆ: ತಿಂಗಳಿಗೆ 100 ಯೂನಿಟ್‌ವರೆಗೆ ನನ್ನದು, ಮೇಲಿನದು ನಿಮ್ಮದು, ಬಿಲ್ಲಿನ ದರದಲ್ಲೇ. ಇದರಲ್ಲಿ ಮೋಸವೇನಿದೆ?

ರೀಡಿಂಗ್ ಕಾಕಾ

ಅಕ್ಕಾವರೆ, ನೀವು ಹೇಳಿದ ಹಾಗೆ ಮಾಡಿದರೆ ಮೋಸವಿಲ್ಲ, ನಾನೂ ಒಪ್ಪುತ್ತೇನೆ. ಮಿತಿ ಹೇಳಿ ಕೊಡುವವರು ಬೇರೆ, ‘ಎಲ್ಲ ಸೇರಿ’ ಎಂದು ಬಾಯಲ್ಲಿ ಹೇಳಿ ಆಮೇಲೆ ಕೈ ಎತ್ತುವವರು ಬೇರೆ. ‘ಬಿಲ್ಲಿನ ದರದಲ್ಲೇ’ ಎಂಬ ನಿಮ್ಮ ಮಾತು ದೊಡ್ಡದು. ಉಪಮೀಟರ್ ಹಾಕಿ ಯೂನಿಟ್‌ಗೆ ಹತ್ತು, ಹನ್ನೆರಡು ವಸೂಲಿ ಮಾಡುವವರು ಈ ಊರಲ್ಲಿ ಬೇಕಾದಷ್ಟು ಇದ್ದಾರೆ. ವಿದ್ಯುತ್ ಕಾಯ್ದೆ 2003ರ ಪ್ರಕಾರ ಪರವಾನಗಿ ಇಲ್ಲದವರು ಕರೆಂಟಿನ ವ್ಯಾಪಾರ ಮಾಡುವಂತಿಲ್ಲ.

ಮಚ್ಛೆಯ ನಾಲ್ವರು

ನಾವು ವಿಟಿಯು ಹತ್ತಿರ ನಾಲ್ಕು ಜನ ಹುಡುಗರು ಸೇರಿ ಇದ್ದ ಮನೆಯದೂ ‘ಎಲ್ಲ ಸೇರಿ’. 10,000. ಜುಲೈ ತಿಂಗಳು, ಹೊರಗೆ ಬೆಳಗಾವಿಯ ಮಳೆ, ಒಣಗದ ಬಟ್ಟೆಯ ವಾಸನೆ. ಗೀಜರ್ ಹಚ್ಚಿದರೆ ನೀರು ಬಿಸಿಯಾಗುತ್ತಿಲ್ಲ. ಕೆಟ್ಟಿದೆ ಎಂದು ರಿಪೇರಿಯವನನ್ನು ಕರೆಸಿದರೆ ಅವನು ನಗುತ್ತ ಫ್ಯೂಸ್ ಇಲ್ಲ ಎಂದ. ಮಾಲೀಕರೇ ಬಿಚ್ಚಿಟ್ಟುಕೊಂಡಿದ್ದರು! ಕೇಳಿದರೆ ‘ಹುಡುಗರಿಗೆ ತಣ್ಣೀರು ಒಳ್ಳೆಯದು’ ಎಂಬ ಉಪದೇಶ. ಆಮೇಲೆ ಹಗಲು ಮೇನ್ ಸ್ವಿಚ್ಚನ್ನೇ ಇಳಿಸತೊಡಗಿದರು, ಹೇಗೂ ಕಾಲೇಜಿಗೆ ಹೋಗಿರುತ್ತೀರಿ ಎಂದು. ಫ್ರಿಜ್‌ನಲ್ಲಿಟ್ಟ ಹಾಲು ಒಡೆದಾಗಲೇ ನಮಗೆ ತಿಳಿದದ್ದು.

ಮುಧೋಳದ ಅಣ್ಣಾ, ನಿಮಗೆ ಸಂಸಾರವಿದೆ, ಮನೆ ಸಿಗುತ್ತದೆ. ನಮ್ಮಂಥವರಿಗೆ ಬಾಗಿಲಲ್ಲೇ ‘ಹುಡುಗರಿಗೆ ಕೊಡುವುದಿಲ್ಲ’. ಸಿಕ್ಕದ್ದಕ್ಕೆ ಹೂಂ ಎನ್ನಬೇಕು. ಊಟಕ್ಕೆ ಖಾನಾವಳಿ ಇರುವುದರಿಂದ ಬದುಕಿದ್ದೇವೆ.

ಬಾವಿಕಟ್ಟೆ ಶಹಾಪುರ

ಎಲ್ಲರೂ ಲೈಟಿನ ಹಿಂದೆ ಬಿದ್ದಿದ್ದೀರಿ. ಬಾಡಿಗೆಯವರನ್ನು ನಿಜವಾಗಿ ಅಳಿಸುವುದು ನೀರು. ‘ನೀರು ಸೇರಿ’ ಎಂದರಂತೆ, ಯಾವ ನೀರು?

ನಮ್ಮ ಊರಿಗೆ ಪಾಲಿಕೆಯ ನಳದ ನೀರು ಬರುವುದು ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ. ವಿಶ್ವಬ್ಯಾಂಕ್ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಜತೆ ಬೆಳಗಾವಿಯ ಕೆಲವು ವಾರ್ಡುಗಳಿಗೂ 24 ತಾಸು ನೀರಿನ ಯೋಜನೆ ಮೊದಲು ಬಂತು. ಆ ಭಾಗದವರು ಮೀಟರ್ ನೋಡಿ ದುಡ್ಡು ಕಟ್ಟುತ್ತಾರೆ, ಕೊಡ ತುಂಬಿಡುವ ಚಿಂತೆಯಿಲ್ಲ. ಉಳಿದ ಕಡೆ ನಳ ಬರುವ ದಿನ ಕಾಯಬೇಕು. ಇದು ಬಡಾವಣೆಯ ಹೆಸರಿನಿಂದ ತಿಳಿಯುವುದಿಲ್ಲ, ಒಂದೇ ಬಡಾವಣೆಯಲ್ಲಿ ಈ ಓಣಿಗೆ ಒಂದು, ಆ ಓಣಿಗೆ ಇನ್ನೊಂದು. ಮಾಲೀಕರನ್ನು ಕೇಳಬೇಡಿ, ಎದುರು ಮನೆಯ ಅಜ್ಜಿಯನ್ನು ಕೇಳಿ. ‘ಮೇ ತಿಂಗಳಲ್ಲಿ ಎಷ್ಟು ದಿನಕ್ಕೊಮ್ಮೆ ನಳ ಬಂತು?’ ಎಂದರೆ ತಾರೀಖಿನ ಸಮೇತ ಹೇಳುತ್ತಾರೆ.

ಶಹಾಪುರ, ತಿಲಕವಾಡಿ ಕಡೆಯ ಹಳೆಯ ಮನೆಗಳಾದರೆ ಬಾವಿ ಇದೆಯೇ ನೋಡಿ. ಬಳಕೆಗೆ ಬಾವಿ, ಕುಡಿಯಲು ನಳ, ನಮ್ಮ ಮನೆಯ ಪದ್ಧತಿ ಇವತ್ತಿಗೂ ಅದೇ. 1995ರ ಬರದ ನಂತರ ಪಾಲಿಕೆಯೇ ಹಳೆಯ ಬಾವಿಗಳ ಹೂಳೆತ್ತಿಸಿ ನೀರು ತೆಗೆದದ್ದನ್ನು ಹಿರಿಯರೆಲ್ಲ ಬಲ್ಲರು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕೆಂದು ತೋಡಿದ ಕಾಂಗ್ರೆಸ್ ಬಾವಿ ತಿಲಕವಾಡಿಯಲ್ಲಿ ಇನ್ನೂ ಇದೆ. ಹೊಸ ಕಟ್ಟಡಗಳಲ್ಲಿ ಬಾವಿ ಎಲ್ಲಿಂದ ಬರಬೇಕು, ಬೋರ್ ಅಷ್ಟೇ. ಬೋರ್ ಇದ್ದಲ್ಲಿ ಮೋಟಾರಿನ ಕರೆಂಟು ಯಾರ ಮೀಟರಿನದು ಎಂಬ ಪ್ರಶ್ನೆ ಕಾಕಾ ಅವರಿಗೆ ಬಿಟ್ಟಿದ್ದು.

ವಿಜಯಪುರದಿಂದ ಬಂದವಳು

ನಮ್ಮ ವಿಜಯಪುರದಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ, ಅಲ್ಲಿ ‘ಲೈಟು ಸೇರಿ’ ಎಂದವರು ಕೂಲರ್ ಕಂಡ ಕೂಡಲೇ ಮಾತು ಬದಲಿಸುತ್ತಾರೆ. ಬೆಳಗಾವಿಯಲ್ಲಿ ಕೂಲರ್ ಬೇಕೆನಿಸಿಲ್ಲ. ಇಲ್ಲಿ ಖರ್ಚು ಮಳೆಗಾಲದ್ದು. ಮಗು ಚಿಕ್ಕದಿದ್ದರೆ ಎರಡು ಹೊತ್ತು ಬಿಸಿನೀರು, ಗೋಡೆಯ ತೇವ, ಇಸ್ತ್ರಿ ಹಾಕಿಯೇ ಬಟ್ಟೆ ಒಣಗಿಸುವುದು. ಹಿತ್ತಲಲ್ಲಿ ಬಂಬ್ (ನೀರು ಕಾಯಿಸುವ ಒಲೆ-ಹಂಡೆ) ಇಡಲು ಜಾಗವಿದ್ದರೆ ಕಟ್ಟಿಗೆ, ತೆಂಗಿನ ಚಿಪ್ಪಿನಲ್ಲೇ ನೀರು ಕಾಯುತ್ತದೆ. ನೆಲಮಹಡಿಗೆ ಅದೊಂದು ಅನುಕೂಲ, ಮೇಲಿನ ಮಹಡಿಯಲ್ಲಿ ಹೊಗೆಗೆ ಒಪ್ಪುವುದಿಲ್ಲ. ಪಡುವಣ ಗೋಡೆಯನ್ನು ಒಳಗಿನಿಂದ ಕೈಯಿಟ್ಟು ನೋಡಿ. ಸುಣ್ಣ ಉದುರಿ ಬಂದರೆ ಆ ಮನೆಗೆ ಮಳೆ ಹೊಡೆಯುತ್ತದೆ ಎಂದೇ ಅರ್ಥ, ಬೇಸಿಗೆಯಲ್ಲಿ ಹೊಸ ಬಣ್ಣ ಬಳಿದಿದ್ದರೂ ಮೋಸಹೋಗಬೇಡಿ.

ಗುಮಾಸ್ತ

ಬಾಡಿಗೆ 8,500 ಎಂದರೆ ವರ್ಷಕ್ಕೆ 1,02,000. ಮನೆಬಾಡಿಗೆ ಭತ್ಯೆಯ ರಿಯಾಯಿತಿಗೆ ರಸೀದಿ ಕೊಡುವವರಾದರೆ ಒಂದು ಲಕ್ಷ ದಾಟಿದ ಮೇಲೆ ಮಾಲೀಕರ ಪ್ಯಾನ್ ಬೇಕು. ಪ್ಯಾನ್ ಎಂದ ಕೂಡಲೇ ಮಾಲೀಕರ ಮುಖ ಬಾಡುತ್ತದೆ. ಬಾಡಿಗೆಯನ್ನೂ ಲೈಟು ನೀರಿನ ಹಣವನ್ನೂ ಕರಾರಿನಲ್ಲಿ ಬೇರೆ ಬೇರೆ ಬರೆಸಿ. ನಿಮ್ಮ ಸಂಬಳಕ್ಕೆ ತೆರಿಗೆಯ ಚಿಂತೆ ಹೇಗೂ ಇಲ್ಲ, ಮುಂದೆ ಓದುವವರಿಗಾಗಿ ಹೇಳಿದೆ.

ಮುಧೋಳದವ

ನಿನ್ನೆ ಸಂಜೆ ಅಂಗೋಲಕ್ಕೆ ಹೋಗಿ ಬಂದೆ. ಮೆಟ್ಟಿಲ ಕೆಳಗೆ ಮೂರು ಮೀಟರ್ ಇವೆ. ನಮ್ಮ ಮನೆಗೆ ಬೇರೆಯೇ ಇದೆ ಎಂದು ಮಾಲೀಕರು ತೋರಿಸಿದರು. ಸಮಾಧಾನವಾಯಿತು. ಎದುರು ಮನೆಯವರನ್ನು ನೀರಿನ ಬಗ್ಗೆ ಕೇಳಿದೆ, ಈ ಓಣಿಯಲ್ಲಿ ತೊಂದರೆ ಕಡಿಮೆ, ಬೋರ್ ಕೂಡ ಬತ್ತಿಲ್ಲ ಎಂದರು. ಗೋಡೆ ಒಣಗಿದೆ. ಹಾಗಾದರೆ ಕೊಟ್ಟುಬಿಡಲೇ ಮುಂಗಡ?

ರೀಡಿಂಗ್ ಕಾಕಾ

ನಿಲ್ಲು ತಮ್ಮಾ, ಅವಸರ ಮಾಡಬೇಡ. ಮೀಟರ್ ಬೇರೆ ಇದ್ದರೆ ಸಾಲದು, ಆ ಮೀಟರಿನ ಮೇಲೆ ಬೇರೆಯವರ ಭಾರ ಇದೆಯೇ ನೋಡಬೇಕು. ಬಹಳ ಸುಲಭ. ನಿನ್ನ ಮನೆಯೊಳಗಿನ ಮೇನ್ ಸ್ವಿಚ್ ಇಳಿಸು. ಆಮೇಲೆ ಕೆಳಗೆ ಬಂದು ಮೀಟರಿನ ಮುಖ ನೋಡು. ಅಲ್ಲೊಂದು ಸಣ್ಣ ಕೆಂಪು ದೀಪ ಇರುತ್ತದೆ. ಕರೆಂಟು ಹರಿದ ಹಾಗೆಲ್ಲ ಅದು ಮಿನುಗುತ್ತದೆ. ಮೇನ್ ಇಳಿಸಿದ ಮೇಲೆ ಮಿನುಗುವುದು ನಿಲ್ಲಬೇಕು. ನಿಲ್ಲದಿದ್ದರೆ ನಿನ್ನ ಮೀಟರಿನಿಂದ ಬೇರೆ ಯಾರಿಗೋ ತಂತಿ ಹೋಗಿದೆ.

ದೀಪದ ಪಕ್ಕದಲ್ಲಿ ಒಂದು ಅಂಕಿ ಬರೆದಿರುತ್ತದೆ, 1600 ಅಥವಾ 3200 ಎಂದು. ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ಅಂಕಿ ನೋಡಿಕೊಂಡು ಬಾ, ಎಷ್ಟು ಬೇಗ ಮಿನುಗುತ್ತದೆ ಎನ್ನುವುದನ್ನೂ ನೋಡಿಕೊಂಡು ಬಾ. ಮಾಲೀಕರ ಮುಂದೆಯೇ ಮಾಡು, ಕದ್ದು ಮಾಡುವ ಕೆಲಸವಲ್ಲ ಇದು.

ಮುಧೋಳದವ

ಕಾಕಾ, ನೀವು ಹೇಳಿದ ಹಾಗೆಯೇ ಮಾಡಿದೆ. ಬೆಳಗ್ಗೆ ಏಳಕ್ಕೆ ಹೋಗಿದ್ದೆ. ಮೇನ್ ಇಳಿಸಿದರೂ ಮಿನುಗುತ್ತಲೇ ಇತ್ತು. ಅಂಕಿ 3200. ಸೆಕೆಂಡಿಗೊಮ್ಮೆಯಂತೆ ಮಿನುಗುತ್ತಿತ್ತು. ಮಾಲೀಕರು ‘ಹಳೆಯ ಮೀಟರು, ಹಾಗೇ ಅದು’ ಎಂದರು. ಸ್ವಲ್ಪ ಹೊತ್ತಿಗೆ ತಾನಾಗಿಯೇ ನಿಂತಿತು.

ರೀಡಿಂಗ್ ಕಾಕಾ

ಸೆಕೆಂಡಿಗೊಮ್ಮೆ ಎಂದರೆ ತಾಸಿಗೆ 3600. ಒಂದು ಯೂನಿಟ್‌ಗಿಂತ ತುಸು ಹೆಚ್ಚು. ಅದು ಬಲ್ಬು ಅಲ್ಲ, ಫ್ರಿಜ್ ಅಲ್ಲ. ಒಂದು ಅಶ್ವಶಕ್ತಿಯ ಮೋಟಾರು. ಬೆಳಗಿನ ಏಳಕ್ಕೆ ಮೇಲಿನ ಟಾಕಿಗೆ ನೀರು ಏರಿಸುತ್ತಿದ್ದರು, ತುಂಬಿದ ಮೇಲೆ ನಿಲ್ಲಿಸಿದರು. ಇಡೀ ಕಟ್ಟಡದ ನೀರಿನ ಕರೆಂಟು ನಿನ್ನ ಮೀಟರಿನದು.

ದಿನಕ್ಕೆ ಎರಡು ತಾಸು ನಡೆದರೂ ತಿಂಗಳಿಗೆ 65, 70 ಯೂನಿಟ್. ನಿನ್ನ 110ಕ್ಕೆ ಇದನ್ನು ಸೇರಿಸು, 180. ಮಳೆಗಾಲದಲ್ಲಿ ಗೀಜರ್ ಹೆಚ್ಚು ಉರಿದ ತಿಂಗಳು 200 ದಾಟಿತು ಎಂದೇ ತಿಳಿ. ನಿನ್ನ ಆಧಾರ್, ಅವರ ಮೋಟಾರು, ಬಂದ ಬಿಲ್ಲಿಗೆ ಜಗಳ. ಇನ್ನೊಂದು ಸಂಗತಿ: ಆ ಮೋಟಾರಿನಿಂದಾಗಿಯೇ ಆ ಮೀಟರಿನ ಹಳೆಯ ಸರಾಸರಿ ಹೆಚ್ಚಿರಬಹುದು, ಉಚಿತದ ಮಿತಿಯೂ ಹೆಚ್ಚಿರಬಹುದು. ಹಳೆಯ ಬಿಲ್ಲು ಕೇಳಿ ತೆಗೆದುಕೊ, ಅದರಲ್ಲಿ ಅರ್ಹ ಯೂನಿಟ್ ಎಷ್ಟು ಎಂದು ಮುದ್ರಿಸಿರುತ್ತಾರೆ. ಅದು ಗೊತ್ತಾದರೆ ನಿನ್ನ ಕೈ ಮೇಲಾಗುತ್ತದೆ.

ಹಿಂದವಾಡಿ ಮನೆಯೊಡತಿ

ಮೋಟಾರನ್ನು ಬಾಡಿಗೆಯವರ ಮೀಟರಿಗೆ ಕಟ್ಟುವುದು ಖಂಡಿತ ತಪ್ಪು. ನಾನು ಮನೆಯವರ ಪರ ಮಾತಾಡುವವಳು, ಆದರೂ ಇದನ್ನು ಒಪ್ಪುವುದಿಲ್ಲ. ಆದರೆ ತಮ್ಮಾ, ಜಗಳವಾಡಿ ಮನೆ ಕಳೆದುಕೊಳ್ಳಬೇಡ. ನೀರಿರುವ, ಗೋಡೆ ಒಣಗಿರುವ, ಕೆಲಸಕ್ಕೆ ಹತ್ತಿರದ ಮನೆ ಪದೇ ಪದೇ ಸಿಗುವುದಿಲ್ಲ. ‘ಮೋಟಾರಿನ ತಂತಿ ನಿಮ್ಮ ಮೀಟರಿಗೆ ಹಾಕಿಸಿಕೊಳ್ಳಿ, ಲೈಟ್ ಬಿಲ್ಲು ನಾನೇ ನೋಡಿಕೊಳ್ಳುತ್ತೇನೆ, ಬಾಡಿಗೆ ಇಳಿಸಿ’ ಎಂದು ಕೇಳು. ಅವರಿಗೂ ಪ್ರತಿ ತಿಂಗಳ ಬಿಲ್ಲಿನ ಚಿಂತೆ ತಪ್ಪುತ್ತದೆ. ಮನೆ ಖಾಲಿ ಬಿದ್ದ ಪ್ರತಿ ತಿಂಗಳೂ ನಷ್ಟ ಎಂಬುದು ನಮಗೂ ಗೊತ್ತಿರುತ್ತದೆ, ಮೇಲೆ ತೋರಿಸುವುದಿಲ್ಲ ಅಷ್ಟೇ.

ತಿಂಗಳ 20ರ ನಂತರ ಮಾತಾಡು. 1ನೇ ತಾರೀಖು ಹತ್ತಿರ ಬಂದಷ್ಟೂ ಮನೆಯವರ ಪಟ್ಟು ಸಡಿಲ.

ಕರಿಕೋಟು

ನಾನು ಇಲ್ಲಿನ ನ್ಯಾಯಾಲಯದಲ್ಲಿ ವಕೀಲಿ ಮಾಡುವವನು. ಬಾಡಿಗೆಯ ಮಾತುಕತೆ ನಿಮಗೆ ಬಿಟ್ಟಿದ್ದು, ಕಾಗದದ ಬಗ್ಗೆ ಎರಡು ಮಾತು.

11 ತಿಂಗಳ ಕರಾರು ಏಕೆ ಎಂದು ಎಲ್ಲರೂ ಕೇಳುತ್ತಾರೆ. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ. ಆ ಖರ್ಚು, ಓಡಾಟ ತಪ್ಪಿಸಲು 11 ತಿಂಗಳು. ಅದು ಮುಗಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತ ಹೋದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನದ ನೋಟಿಸ್ ಸಾಕು. ಚಿಕ್ಕ ಮಗು ಇದ್ದವರಿಗೆ 15 ದಿನ ಯಾತಕ್ಕೂ ಸಾಲದು. ಎರಡು ತಿಂಗಳ ನೋಟಿಸ್ ಎಂದು ಕರಾರಿನಲ್ಲೇ ಬರೆಸಿಕೊಳ್ಳಿ, ಎರಡೂ ಕಡೆಗೆ.

ಡಿಪಾಜಿಟ್ ಬಗ್ಗೆ: ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಡಿಪಾಜಿಟ್ ಎನ್ನುತ್ತದೆ. ಅದನ್ನು ತೋರಿಸಿ ವಾದಿಸಬೇಡಿ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ನಿಮ್ಮ 50,000 ಸುಮಾರು ಆರು ತಿಂಗಳ ಬಾಡಿಗೆ, ಕಡಿಮೆ ಮಾಡಲು ಕೇಳಬಹುದು. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಕೊಡಿ. ಬಿಡುವಾಗ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ ಎನ್ನುವುದನ್ನು ಈಗಲೇ ಬರೆಸಿ. ಬೆಳಗಾವಿಯಲ್ಲಿ ಡಿಪಾಜಿಟ್ ಜಗಳಗಳ ಪೈಕಿ ಹೆಚ್ಚಿನವು ಬಣ್ಣದವೇ.

ಲೈಟು ಕಡಿದು ಮನೆ ಬಿಡಿಸುವ ಹಳೆಯ ಚಾಳಿಯ ಬಗ್ಗೆ: 2022ರಲ್ಲಿ ಸುಪ್ರೀಂ ಕೋರ್ಟ್ ವಿದ್ಯುತ್ತನ್ನು ಮೂಲಭೂತ ಸೌಕರ್ಯ ಎಂದು ಹೇಳಿದೆ. ಮಾಲೀಕರು ಒಪ್ಪಿಗೆ ಪತ್ರ ಕೊಡಲಿಲ್ಲ ಎಂಬ ಕಾರಣಕ್ಕೆ ಬಾಡಿಗೆದಾರನಿಗೆ ಅದನ್ನು ನಿರಾಕರಿಸುವಂತಿಲ್ಲ ಎಂದೂ ಹೇಳಿದೆ. ಮಚ್ಛೆಯ ಹುಡುಗರು ಫ್ಯೂಸಿನ ಕಥೆಯನ್ನು ನಗುತ್ತ ಬರೆದಿದ್ದಾರೆ, ನಗುವ ವಿಷಯವಲ್ಲ.

ಮಚ್ಛೆಯ ನಾಲ್ವರು

ವಕೀಲ ಸಾಹೇಬರೆ, ಆ ಮನೆ ಬಿಟ್ಟೆವು. ಡಿಪಾಜಿಟ್ ಬಂತು, ಬಣ್ಣಕ್ಕೆ ಮುರಿದುಕೊಂಡು. ಗೋಡೆಗೆ ಮಾತ್ರ ಇವತ್ತಿಗೂ ಬಣ್ಣ ಬಂದಿಲ್ಲ, ದಿನಾ ಅದೇ ದಾರಿಯಲ್ಲಿ ಹೋಗುತ್ತೇವೆ.

ಮೂರನೆಯ ಗೇಟ್

ದಲಾಲಿ ಎಷ್ಟು ಕೇಳಿದ್ದಾರೆ ಎಂದು ಬರೆಯಲಿಲ್ಲ. ಒಂದು ತಿಂಗಳ ಬಾಡಿಗೆಯನ್ನೇ ಕೇಳುತ್ತಾರೆ, ಅದೂ 8,500ರ ಮೇಲೆ! ಕರೆಂಟಿಗೂ ದಲಾಲಿ ಕೊಟ್ಟಂತಾಯಿತು. ನಾನಂತೂ ಅಂಗೋಲದ ಓಣಿಗಳಲ್ಲಿ ಸಂಜೆ ತಿರುಗಿ, ಗೇಟಿಗೆ ತೂಗುಹಾಕಿದ ಹಲಗೆ ನೋಡಿ ಮನೆ ಹಿಡಿದೆ. ಹಲಗೆ ಮರಾಠಿಯಲ್ಲಿದ್ದರೆ ಹೆದರಬೇಡಿ, ‘ಭಾಡ್ಯಾನೆ’ ಎಂಬುದೊಂದು ಓದಲು ಬಂದರೆ ಸಾಕು. ಒಳಗೆ ಹೋದರೆ ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ಪ್ರಶ್ನೆ ಯಾವ ಭಾಷೆಯಲ್ಲಿ ಬಂದರೂ ಒಂದೇ: ‘ನೀವು ಯಾವ ಪೈಕಿ? ಮಾಂಸ ಮಾಡುತ್ತೀರಾ?’ ಇದಕ್ಕೆ ಯಾವ ಕಾಯ್ದೆಯ ಕಲಮೂ ನೆರವಿಗೆ ಬಂದದ್ದನ್ನು ನಾನು ನೋಡಿಲ್ಲ.

ಮುಧೋಳದವ

ಮಾತುಕತೆ ಮುಗಿಯಿತು. ಮೋಟಾರಿನ ವಿಷಯ ಎತ್ತಿದಾಗ ಮಾಲೀಕರು ಮೊದಲು ಸಿಟ್ಟಾದರು. ‘ಬಿಲ್ಲು ನಾನು ಕಟ್ಟುತ್ತೇನೆ, ಮೋಟಾರು ಎಲ್ಲಿದ್ದರೆ ನಿಮಗೇನು?’ ಎಂದರು. ಹಾಗಾದರೆ ನನ್ನ ಆಧಾರ್ ಏಕೆ ಬೇಕು ಎಂದು ಕೇಳಿದೆ. ಸುಮ್ಮನಾದರು. ಅಷ್ಟರಲ್ಲಿ ಅವರ ಮನೆಯವರು ಚಹಾ ತಂದರು, ಮಾತು ಮುಂದುವರಿಯಿತು.

ಕೊನೆಗೆ 7,200 ಬಾಡಿಗೆ, ನೀರು ಮತ್ತು ಕಸ ಅದರಲ್ಲೇ, ಲೈಟ್ ಬಿಲ್ಲು ನನ್ನದು. ಡಿಪಾಜಿಟ್ 40,000. ಮೋಟಾರಿನ ತಂತಿಯನ್ನು ಅವರ ಮೀಟರಿಗೆ ಹಾಕಿಸಿಕೊಡುತ್ತಾರೆ, ಎಲೆಕ್ಟ್ರಿಷಿಯನ್ ಖರ್ಚು ಅವರದು. ಹಳೆಯ ಬಿಲ್ಲು ನೋಡಿದೆ, ಅರ್ಹ ಯೂನಿಟ್ 121 ಎಂದಿದೆ. ಹೆಂಡತಿಗೆ ಒಂದೇ ಮೊತ್ತದ ಆಸೆ ಹೋಯಿತು ಎಂದು ಸ್ವಲ್ಪ ಬೇಸರ, ಅಪ್ಪನಿಗೆ ಖುಷಿ.

ಕರಾರಿನಲ್ಲಿ ಅವರು ಬರೆಸಿದ ಸಾಲು ಹೀಗಿದೆ: ‘ನೀರಿನ ವ್ಯವಸ್ಥೆ ಮಾಲೀಕರದು.’ ಸಾಕೇ?

ಕರಿಕೋಟು

ಸಾಲದು. ಏಪ್ರಿಲ್‌ನಲ್ಲಿ ಬೋರ್ ಕೆಟ್ಟರೆ ‘ವ್ಯವಸ್ಥೆ ಮಾಡಿದ್ದೇನೆ, ಬೋರ್ ಕೆಟ್ಟರೆ ನಾನೇನು ಮಾಡಲಿ’ ಎನ್ನಲು ದಾರಿಯಿದೆ. ಹೀಗೆ ಬರೆಸಿ:

‘ಮಾಸಿಕ ಬಾಡಿಗೆ 7,200 ರೂಪಾಯಿಯಲ್ಲಿ ಪಾಲಿಕೆಯ ನೀರಿನ ಶುಲ್ಕ, ಬೋರ್ ನೀರು, ನೀರೆತ್ತುವ ಮೋಟಾರಿನ ವಿದ್ಯುತ್ ವೆಚ್ಚ ಮತ್ತು ದುರಸ್ತಿ, ಕಸ ವಿಲೇವಾರಿ ಶುಲ್ಕ ಸೇರಿರುತ್ತವೆ. ನಳ ಅಥವಾ ಬೋರ್ ನೀರು ಬಾರದಿದ್ದಲ್ಲಿ ಟ್ಯಾಂಕರ್ ನೀರಿನ ವೆಚ್ಚವನ್ನು ಮಾಲೀಕರೇ ಭರಿಸತಕ್ಕದ್ದು. ಬಾಡಿಗೆದಾರರ ಮೀಟರಿನಿಂದ ಅವರು ವಾಸಿಸುವ ಭಾಗಕ್ಕೆ ಹೊರತು ಬೇರಾವ ಭಾಗಕ್ಕೂ ವಿದ್ಯುತ್ ಸಂಪರ್ಕ ಇರತಕ್ಕದ್ದಲ್ಲ. ಕರಾರಿನ ಅವಧಿಯಲ್ಲಿ ಈ ಮೊತ್ತವನ್ನು ಹೆಚ್ಚಿಸತಕ್ಕದ್ದಲ್ಲ.’

ಟ್ಯಾಂಕರ್ ಸಾಲಿಗೆ ಅವರು ಒಪ್ಪದಿದ್ದರೆ ಅರ್ಧ ಅರ್ಧ ಎಂದು ಬರೆಸಿ. ಏನೂ ಬರೆಯದೆ ಬಿಡಬೇಡಿ. ಆರ್.ಆರ್. ನಂಬರನ್ನೂ ಕರಾರಿನಲ್ಲಿ ಹಾಕಿಸಿ, ಗೃಹಜ್ಯೋತಿ ಅರ್ಜಿಗೆ ಅದೇ ಕಾಗದ ತೋರಿಸಲು ಬರುತ್ತದೆ.

ರೀಡಿಂಗ್ ಕಾಕಾ

ತಂತಿ ಬದಲಿಸಿದ ಮೇಲೆ ಮತ್ತೊಮ್ಮೆ ಮೇನ್ ಇಳಿಸಿ, ಮೋಟಾರು ನಡೆಯುತ್ತಿರುವಾಗಲೇ ಮೀಟರ್ ನೋಡು. ಕೀಲಿ ತೆಗೆದುಕೊಳ್ಳುವ ದಿನ ಮೀಟರಿನ ಅಂಕಿಯ ಫೋಟೊ ತೆಗೆದು ಮಾಲೀಕರಿಗೂ ಕಳಿಸು, ಹಳೆಯ ಬಾಕಿ ಇಲ್ಲ ಎನ್ನುವುದಕ್ಕೆ ಕಡೆಯ ಬಿಲ್ಲಿನ ರಸೀದಿ ಕೇಳು. ಬಾಕಿ ಉಳಿದರೆ ಕರೆಂಟು ಪೂರೈಸುವ ಹೆಸ್ಕಾಂ ಕಂಪನಿಯವರು ಕಡಿಯುವುದು ಆ ಮೀಟರಿನ ಸಂಪರ್ಕವನ್ನು, ಬಾಕಿ ಯಾರ ಕಾಲದ್ದು ಎಂದು ಕೇಳುವುದಿಲ್ಲ. ಹಿಂದೆ ಇದ್ದ ಬಾಡಿಗೆಯವರ ಆಧಾರ್ ಇನ್ನೂ ಆ ಆರ್.ಆರ್. ನಂಬರಿಗೆ ಜೋಡಿಯಾಗಿದ್ದರೆ ನಿನ್ನದು ಸೇರುವುದಿಲ್ಲ. ಮೊದಲು ಅದನ್ನು ಬಿಡಿಸಬೇಕು, ಆಮೇಲೆ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಹೊಸ ಅರ್ಜಿ. ಅವರು ಯಾರು, ಈಗ ಎಲ್ಲಿದ್ದಾರೆ ಎಂದು ಮುಂಗಡ ಕೊಡುವ ಮೊದಲೇ ಮಾಲೀಕರಿಂದ ಫೋನ್ ನಂಬರ್ ತೆಗೆದುಕೊ.